ರಾಮನಗರದ ಮಣಿಸರ

ದೆಹಲಿಯ ಲೋಧಿ ಕಾಲೊನಿಯ ಗೋಡೆಗಳ ಮೇಲೆ ಈಗ ಎರಡಾಳೆತ್ತರದ ಬಣ್ಣದ ಚಿತ್ರಗಳಿವೆ. ರಜಾದಿನಗಳಲ್ಲಿ ಕ್ಯಾಮೆರಾ ಹಿಡಿದ ಯುವಜನರು ಅಲ್ಲಿ ನೆರೆಯುತ್ತಾರೆ. ನಾವು ವರ್ಗವಾಗಿ ರಾಜಧಾನಿಗೆ ಬಂದ ಮೊದಲ ವರ್ಷಗಳಲ್ಲಿ ಅಲ್ಲಿಯ ಸರ್ಕಾರಿ ಕ್ವಾರ್ಟರ್ಸ್ ಒಂದರಲ್ಲಿ ಇದ್ದೆವು. ಆಗ ಗೋಡೆಯ ಮೇಲೆ ಚಿತ್ರಗಳಿರಲಿಲ್ಲ, ಸುಣ್ಣ ಉದುರಿದ ಗುರುತುಗಳಿದ್ದವು. ಬ್ರಿಟಿಷರು ತಮ್ಮ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಗುಮಾಸ್ತರಿಗಾಗಿ ಕಟ್ಟಿಸಿದ ಬಡಾವಣೆ ಅದು. ಎತ್ತರದ ಕಮಾನುಗಳು, ಹಿಂದಿನ ಅಂಗಳ, ಅಂಗಳದಲ್ಲಿ ಅಕ್ಕಪಕ್ಕದ ಮನೆಯವರ ಬಟ್ಟೆಯ ಹಗ್ಗಗಳು.

ಆ ಮನೆ ಬಿಟ್ಟು ಎಷ್ಟೋ ಕಾಲವಾದ ಮೇಲೆ, ಬೇರೇನನ್ನೋ ಹುಡುಕುತ್ತ ಓದುವಾಗ ಒಂದು ಸಂಗತಿ ನಮ್ಮ ಕಣ್ಣಿಗೆ ಬಿತ್ತು. 1950ರ ದಶಕದ ಆರಂಭದಲ್ಲಿ, ಅದೇ ಕಾಲೊನಿಯ ಗುಮಾಸ್ತರ ಹೆಂಡಂದಿರಿಗೆ ಭಾರತ ಸರ್ಕಾರ ಒಂದು ಪಾಠವನ್ನು ಕಲಿಸಲು ಹೊರಟಿತ್ತು. ತಿಂಗಳ ಯಾವ ದಿನಗಳಲ್ಲಿ ಗಂಡನೊಡನೆ ಸೇರಿದರೆ ಬಸುರು ನಿಲ್ಲುತ್ತದೆ, ಯಾವ ದಿನಗಳಲ್ಲಿ ನಿಲ್ಲುವುದಿಲ್ಲ ಎಂಬ ಪಾಠ. ಈ ಪ್ರಯೋಗಕ್ಕೆ ಆಯ್ದುಕೊಂಡ ಮತ್ತೊಂದು ಸ್ಥಳ ನಮ್ಮ ಮೈಸೂರು ಸಂಸ್ಥಾನದ ರಾಮನಗರ. ನಮ್ಮ ತಾಯಿಯ ತಾಯಿ ಬದುಕಿ ಬಾಳಿದ ಊರು ಮಾಗಡಿ ತಾಲ್ಲೂಕಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ. ಅಜ್ಜಿ ಒಂಬತ್ತು ಹೆತ್ತವರು, ಉಳಿದದ್ದು ಐದು. ಪ್ರಯೋಗ ನಡೆದ ಹೊತ್ತಿಗೆ ಅವರು ಆರನೆಯ ಬಾಣಂತನದಲ್ಲಿ ಇದ್ದಿರಬೇಕು. ಹೀಗಾಗಿ ಈ ಚರಿತ್ರೆಯನ್ನು ನಾವು ಕೇವಲ ಕುತೂಹಲದಿಂದ ಓದಿದೆವೆಂದು ಹೇಳಲಾರೆವು.

1951ರ ಜನಗಣತಿ ದೇಶದ ಜನಸಂಖ್ಯೆಯನ್ನು 36 ಕೋಟಿಗೂ ಮಿಕ್ಕಿದ್ದೆಂದು ತೋರಿಸಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗಾಗಿ 65 ಲಕ್ಷ ರೂಪಾಯಿಗಳನ್ನು ತೆಗೆದಿರಿಸಲಾಯಿತು. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಕಪುರ್ತಲಾದ ರಾಜಮನೆತನದವರು, ಕ್ರೈಸ್ತ ಮತದವರು, ಅವಿವಾಹಿತರು. ಎಲ್ಲಕ್ಕಿಂತ ಮಿಗಿಲಾಗಿ ವರ್ಷಾನುಗಟ್ಟಲೆ ಗಾಂಧೀಜಿಯ ಕಾರ್ಯದರ್ಶಿಯಾಗಿದ್ದವರು. ಕೃತಕ ಸಾಧನಗಳಿಂದ ಸಂತಾನವನ್ನು ತಡೆಯುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಗಾಂಧೀಜಿಗೂ ಇರಲಿಲ್ಲ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ವಾದಿಸಿದಾಗ ಗಾಂಧೀಜಿ ಬ್ರಹ್ಮಚರ್ಯದಿಂದ ಒಂದು ಹೆಜ್ಜೆ ಇತ್ತ ಸರಿಯಲಿಲ್ಲ. ಆದರೆ ‘ಸುರಕ್ಷಿತ ದಿನ’ಗಳ ಮಾತು ಬಂದಾಗ ಅದು ಮಿಕ್ಕ ಉಪಾಯಗಳಷ್ಟು ತಮಗೆ ಹೇಸಿಗೆ ತರುವುದಿಲ್ಲವೆಂದರು. ತಿಂಗಳಲ್ಲಿ ಕೆಲವು ದಿನಗಳಾದರೂ ಸಂಯಮ ಬೇಕಾಗುತ್ತದಲ್ಲ, ಅದಕ್ಕೆ. ಅಮೃತ್ ಕೌರ್ ಹಿಡಿದದ್ದು ಈ ಒಂದೆಳೆಯನ್ನು. ವಿಶ್ವ ಆರೋಗ್ಯ ಸಂಸ್ಥೆಯ ನೆರವನ್ನು ಕೋರಿದರು, ಅದೂ ದಿನಗಣನೆಯ ಕ್ರಮಕ್ಕೆ ಮಾತ್ರ.

ಜಿನೀವಾದ ಸಂಸ್ಥೆಗೂ ಅಷ್ಟೇ ಸಾಕಾಗಿತ್ತು. ಕ್ಯಾಥೊಲಿಕ್ ದೇಶಗಳು ಅಲ್ಲಿ ಈ ವಿಷಯವನ್ನೇ ಎತ್ತಗೊಡುತ್ತಿರಲಿಲ್ಲ. 1952ರ ಅಧಿವೇಶನದಲ್ಲಿ ನಾರ್ವೆಯವರು ಮಾತೆತ್ತಿದ್ದಕ್ಕೆ ದೊಡ್ಡ ಗದ್ದಲವೇ ಆಯಿತು. ದಿನಗಣನೆಗೆ ಮಾತ್ರ ಅಡ್ಡಿಯಿರಲಿಲ್ಲ. 1951ರ ಅಕ್ಟೋಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಇಟಲಿಯ ಸೂಲಗಿತ್ತಿಯರನ್ನು ಕುರಿತು ಮಾತನಾಡುತ್ತ, ತಕ್ಕ ಕಾರಣವಿದ್ದರೆ ದಂಪತಿಗಳು ಆ ದಿನಗಳನ್ನು ಆಯ್ದುಕೊಳ್ಳಬಹುದೆಂದಿದ್ದರು. ರೋಮ್, ಸೇವಾಗ್ರಾಮ, ಜಿನೀವಾ, ಈ ಮೂರೂ ಒಮ್ಮತಕ್ಕೆ ಬಂದ ಏಕೈಕ ಉಪಾಯ ಇದು. ಮೂರು ಕಡೆಯೂ ಹೆರುವವರನ್ನು ಕೇಳಿದ ಸುಳಿವಿಲ್ಲ. ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಇದರ ರೀತಿ ಹೊಸದಲ್ಲ. ಯಾರ ಆಕ್ಷೇಪವೂ ಬಾರದ ಟಿಪ್ಪಣಿ ಬೇಗ ಮೇಲೇರುತ್ತದೆ, ಅದು ಕೆಲಸಕ್ಕೆ ಬಂದೀತೇ ಎಂಬುದು ಆಮೇಲಿನ ಮಾತು.

1951ರ ಕೊನೆಯಲ್ಲಿ ಡಾಕ್ಟರ್ ಏಬ್ರಹಾಂ ಸ್ಟೋನ್ ನ್ಯೂಯಾರ್ಕಿನಿಂದ ಬಂದಿಳಿದರು. ಅವರು ಮತ್ತು ಅವರ ಪತ್ನಿ ಹ್ಯಾನಾ ಇಬ್ಬರೂ ವೈದ್ಯರು, ದಾಂಪತ್ಯವನ್ನು ಕುರಿತು ಹೆಸರಾಂತ ಕೈಪಿಡಿ ಬರೆದವರು. ಗರ್ಭನಿರೋಧದ ಮಿಕ್ಕ ಸಾಧನಗಳೆಲ್ಲವನ್ನೂ ಬಲ್ಲ ಆ ಮನುಷ್ಯನಿಗೆ ಇಲ್ಲಿ ಕಲಿಸಲು ಅನುಮತಿಯಿದ್ದದ್ದು ಅವುಗಳಲ್ಲಿ ಅತಿ ದುರ್ಬಲವಾದ ಒಂದನ್ನು.

ಆ ಲೆಕ್ಕದ ಹಿಂದಿನ ವಿಜ್ಞಾನ ಆಗ ಇನ್ನೂ ಎಳೆಯದು. ಜಪಾನಿನ ಒಗಿನೊ 1924ರಲ್ಲಿ, ಆಸ್ಟ್ರಿಯದ ಕ್ನಾಸ್ 1928ರಲ್ಲಿ, ಒಬ್ಬರಿಗೊಬ್ಬರು ತಿಳಿಯದಂತೆ, ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂದು ಕಂಡುಕೊಂಡರು. ಅದಕ್ಕೆ ಹಿಂದೆ, ಹತ್ತೊಂಬತ್ತನೆಯ ಶತಮಾನದುದ್ದಕ್ಕೂ, ಯುರೋಪಿನ ವೈದ್ಯರು ಇದನ್ನೇ ತಲೆಕೆಳಗಾಗಿ ಹೇಳುತ್ತಿದ್ದರು. ಬೆದೆಗೆ ಬಂದ ಪ್ರಾಣಿಗಳಲ್ಲಿ ರಕ್ತ ಕಾಣುವುದನ್ನು ನೋಡಿ ಹೆಂಗಸರಲ್ಲೂ ಮುಟ್ಟಿನ ಆಸುಪಾಸೇ ಗರ್ಭಕಾಲವೆಂದು ತಿಳಿದು, ತಿಂಗಳ ನಡುವಣ ದಿನಗಳೇ ಕ್ಷೇಮವೆಂದು ಬರೆದುಕೊಡುತ್ತಿದ್ದರು. ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ದಂಪತಿಗಳ ಪಾಡನ್ನು ಊಹಿಸಬಹುದು. ನಮ್ಮ ಧರ್ಮಶಾಸ್ತ್ರಗಳು ಮುಟ್ಟಿನ ಮೊದಲ ದಿನದಿಂದ ಹದಿನಾರು ರಾತ್ರಿಗಳನ್ನು ಋತುಕಾಲವೆಂದು ಎಣಿಸಿ, ಮೊದಲ ನಾಲ್ಕನ್ನು ನಿಷೇಧಿಸಿದ್ದವು. ಈ ಲೆಕ್ಕ ಯುರೋಪಿನವರದಕ್ಕಿಂತ ಸತ್ಯಕ್ಕೆ ಹತ್ತಿರವಿತ್ತು, ನಿಜ. ಆದರೆ ಅವರಿಗೆ ಬೇಕಾಗಿದ್ದದ್ದು ಮಕ್ಕಳನ್ನು ಪಡೆಯುವ ದಿನ, ಅದರಲ್ಲೂ ಗಂಡು ಪಡೆಯುವ ಸಮರಾತ್ರಿಗಳು. ಬೇಡವೆನ್ನುವ ಹೆಣ್ಣಿಗೆ ಆ ಗ್ರಂಥಗಳಲ್ಲಿ ಒಂದು ಸಾಲೂ ಮೀಸಲಿರಲಿಲ್ಲ.

ಇನ್ನು ರಾಮನಗರ. ಹಿಂದಿನ ಹೆಸರು ಕ್ಲೋಸ್‌ಪೇಟೆ, ರೇಷ್ಮೆಗೂಡಿನ ಊರು. ಮುಂದೆ ‘ಶೋಲೆ’ಯ ಬಂಡೆಗಳಿಂದಾಗಿ ದೇಶಕ್ಕೆಲ್ಲ ಪರಿಚಯವಾದ ಈ ಊರಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೊದಲೇ ಆರೋಗ್ಯ ಕೇಂದ್ರವೊಂದು ನೆಲೆಗೊಂಡಿತ್ತು. ದೆಹಲಿಯಲ್ಲಿ ಓದುಬರಹ ಬಲ್ಲ ಸಂಬಳದಾರರ ಕುಟುಂಬಗಳು, ಇಲ್ಲಿ ಸಣ್ಣ ಊರಿನವರು ಮತ್ತು ಸುತ್ತಲಿನ ಹಳ್ಳಿಗರು. ಎರಡು ಬಗೆಯ ಜನರಲ್ಲೂ ಪರೀಕ್ಷಿಸಿ ನೋಡುವುದು ಉದ್ದೇಶವಾಗಿತ್ತು. ಕಾರ್ಯಕರ್ತೆಯರು ಮನೆ ಮನೆಗೆ ಹೋದರು. ಮೊದಲು ಕೆಲವು ತಿಂಗಳು ಮುಟ್ಟಿನ ತಾರೀಖುಗಳನ್ನು ಬರೆದಿಟ್ಟುಕೊಂಡು, ಅವುಗಳಿಂದ ಒಬ್ಬೊಬ್ಬಳಿಗೂ ಅವಳವಳ ದಿನಗಳನ್ನು ಲೆಕ್ಕ ಹಾಕಿಕೊಟ್ಟರು. ಕ್ಯಾಲೆಂಡರ್ ಓದಲು ಬಾರದವರಿಗೆ ಏನು ಮಾಡುವುದು? ಸ್ಟೋನ್ ಒಂದು ಮಣಿಸರವನ್ನು ಕಲ್ಪಿಸಿದರು. ಇಪ್ಪತ್ತೆಂಟು ಮಣಿ. ಮುಟ್ಟಿನ ದಿನಗಳಿಗೆ ಒಂದು ಬಣ್ಣ, ಸೇರಬಹುದಾದ ದಿನಗಳಿಗೆ ಹಸಿರು, ಕೂಡದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಬೇಕು.

ಈ ಸರದ ಕತೆಯನ್ನು ಕುಟುಂಬ ಯೋಜನೆಯ ಚರಿತ್ರೆ ಬರೆದವರೆಲ್ಲ ತುಸು ನಗುತ್ತಲೇ ಹೇಳುತ್ತ ಬಂದಿದ್ದಾರೆ. ರಾತ್ರಿಯ ಕತ್ತಲಲ್ಲಿ ಹಸಿರು ಯಾವುದು, ಕೆಂಪು ಯಾವುದು ಎಂದು ತಿಳಿಯಲಿಲ್ಲವಂತೆ. ಆದ್ದರಿಂದ ಒಂದು ಬಗೆಯ ಮಣಿಯನ್ನು ದುಂಡಗೂ ಮತ್ತೊಂದನ್ನು ಚೌಕವಾಗಿಯೂ ಮಾಡಿಸಿದರಂತೆ. ಮಣಿಗಳನ್ನು ಹಿಂದಕ್ಕೆ ಸರಿಸಿ ಲೆಕ್ಕ ತಪ್ಪುತ್ತಿದ್ದುದರಿಂದ ಒಂದೇ ದಿಕ್ಕಿಗೆ ಚಲಿಸುವ ಕೊಂಡಿ ಹಾಕಿದರಂತೆ. ಮಣಿಯನ್ನು ಸರಿಸಿಬಿಟ್ಟರೆ ಸಾಕು, ಅದೇ ಕಾಪಾಡುತ್ತದೆ ಎಂದು ತಾಯಿತದಂತೆ ನಂಬಿದವರೂ ಇದ್ದರಂತೆ. ಕೊರಳಿಗೆ ಹಾಕಿಕೊಂಡರೆ ಮನೆಯ ಒಳಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆ ಎಂದು ನಾಚಿ ತೆಗೆದಿಟ್ಟವರೂ ಇದ್ದರಂತೆ. ನಾವೂ ಮೊದಲ ಓದಿನಲ್ಲಿ ನಕ್ಕೆವು. ಎರಡನೆಯ ಓದಿನಲ್ಲಿ ಆ ಕೊನೆಯ ಮಾತಿನ ಬಳಿ ನಿಂತುಬಿಟ್ಟೆವು. ಅತ್ತೆ, ಮಾವ, ನಾದಿನಿ, ಮೈದುನರಿರುವ ಮನೆಯಲ್ಲಿ ಸೊಸೆಯ ಕೊರಳಿನ ಕೆಂಪು ಹಸಿರು ಮಣಿ ದಿನದಿನವೂ ಏನನ್ನು ಸಾರುತ್ತದೆ ಎಂಬುದು ನ್ಯೂಯಾರ್ಕಿನ ವೈದ್ಯರಿಗೆ ಹೊಳೆಯಲಿಲ್ಲ ಎಂದರೆ ಅಚ್ಚರಿಯಲ್ಲ. ದೆಹಲಿಯ ಸಚಿವಾಲಯಕ್ಕೂ ಹೊಳೆಯಲಿಲ್ಲವಲ್ಲ.

ಫಲಿತಾಂಶ ನಿರೀಕ್ಷಿಸಬಹುದಾದದ್ದೇ. ಕಲಿಯುತ್ತೇವೆಂದು ಮುಂದೆ ಬಂದವರು ಬಹುಮಂದಿ. ಕಡೆಯವರೆಗೆ ಪಾಲಿಸಿದವರು ಅತ್ಯಲ್ಪ. ಆದರೆ ಮುಂದೆ ಬಂದ ಆ ಬಹುಮಂದಿಯನ್ನು ಮರೆಯಬಾರದು. ಸರಿಸುಮಾರು ಅದೇ ಕಾಲದಲ್ಲಿ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಮೈಸೂರು ಸಂಸ್ಥಾನದಲ್ಲಿ ಜನಸಂಖ್ಯಾ ಅಧ್ಯಯನವೊಂದನ್ನು ನಡೆಸಿದವು. ಇನ್ನು ಮಕ್ಕಳು ಬೇಡ ಎನ್ನುವವರು ಹಳ್ಳಿಗಳಲ್ಲೂ ಕಡಿಮೆಯಿಲ್ಲವೆಂದು ಅದರಿಂದ ತಿಳಿಯಿತು. ‘ಅಜ್ಞಾನಿ ಜನಕ್ಕೆ ಇಚ್ಛೆಯೇ ಇಲ್ಲ’ ಎಂದು ಆಮೇಲೆ ಎಷ್ಟೋ ಅಧಿಕಾರಿಗಳು ಹೇಳಿದ ಮಾತಿಗೆ ಈ ಎರಡೂ ಕಡತಗಳಲ್ಲಿ ಆಧಾರವಿಲ್ಲ.

ಬೇರೆ ದಾರಿಗಳು ಆಗ ಗೊತ್ತಿರಲಿಲ್ಲವೇ? ಗೊತ್ತಿದ್ದವು, ಅದೂ ನಮ್ಮಲ್ಲೇ. 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿಯೇ ಮೊದಲು ಎಂದು ಈ ವಿಷಯದ ಚರಿತ್ರೆಕಾರರು ಎಣಿಸುತ್ತಾರೆ. ಅಂಥ ಸಂಸ್ಥಾನದ ನೆಲಕ್ಕೆ ಇಪ್ಪತ್ತೊಂದು ವರ್ಷಗಳ ಅನಂತರ ಮಣಿಸರ ಬಂತೆಂದರೆ ಅದನ್ನು ಮುನ್ನಡೆಯೆಂದು ನಾವು ಕರೆಯಲಾರೆವು.

ಮುಂಬಯಿ, ಪುಣೆಯ ಓದುಗರಿಗೆ ರಘುನಾಥ ಧೋಂಡೊ ಕರ್ವೆಯವರ ಹೆಸರು ಹೊಸದಲ್ಲ. ಮಹರ್ಷಿ ಕರ್ವೆಯವರ ಮಗ, ವಿಲ್ಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತನ್ನ ಚಿಕಿತ್ಸಾಲಯ ತೆರೆದ 1921ರಲ್ಲಿಯೇ ಇವರು ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದರು. ಆ ಕೆಲಸ ಬಿಡಬೇಕು, ಇಲ್ಲವೇ ನೌಕರಿ ಬಿಡಬೇಕು ಎಂಬ ಪ್ರಸಂಗ ಬಂದಾಗ 1925ರಲ್ಲಿ ನೌಕರಿ ಬಿಟ್ಟರು. 1927ರಿಂದ ತಾವು ತೀರಿಕೊಂಡ 1953ರವರೆಗೆ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕವನ್ನು ಒಬ್ಬರೇ ಎಂಬಂತೆ ನಡೆಸಿದರು. ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಹೂಡಿದಾಗ 1934ರಲ್ಲಿ ಅವರ ಪರವಾಗಿ ನಿಂತ ವಕೀಲರು ಡಾಕ್ಟರ್ ಅಂಬೇಡ್ಕರ್. ಮೊಕದ್ದಮೆ ಸೋತಿತು. ಬಸುರಿನಷ್ಟೇ ರತಿರೋಗಗಳ ಬಗ್ಗೆಯೂ ಕರ್ವೆ ಬಿಡಿಸಿ ಬರೆಯುತ್ತಿದ್ದರು ಎಂಬುದು ನಮ್ಮ ಇಂದಿನ ವಿಷಯಕ್ಕೆ ಮುಖ್ಯ. ಇತ್ತ ಮದರಾಸಿನ ಕಡೆ ಪೆರಿಯಾರ್, ಮಿಕ್ಕವರೆಲ್ಲ ದೇಶದ ಬಡತನ, ತಾಯಿಯ ಆರೋಗ್ಯ ಎಂದು ಕಾರಣ ಹೇಳುತ್ತಿರುವಾಗ, ತಮಗೆ ಗರ್ಭನಿರೋಧ ಬೇಕಿರುವುದು ಹೆಣ್ಣಿನ ಬಿಡುಗಡೆಗಾಗಿ ಎಂದು ಸಾರಿದರು. ಹುಬ್ಬಳ್ಳಿಯಲ್ಲಿ ಬೆಳೆದ ಧನವಂತಿ ರಾಮರಾವ್ 1949ರಲ್ಲಿ ಮುಂಬಯಿಯಲ್ಲಿ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ್ದರು. 1952ರ ನವೆಂಬರಿನಲ್ಲಿ ಅದೇ ನಗರದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವನ್ನೂ ನಡೆಸಿದರು. ಅಂದರೆ ರಾಮನಗರದಲ್ಲಿ ಮಣಿ ಎಣಿಸುತ್ತಿದ್ದ ಹೊತ್ತಿಗೆ ಮುಂಬಯಿಯ ಸಭಾಂಗಣದಲ್ಲಿ ಎಲ್ಲ ಸಾಧನಗಳ ಚರ್ಚೆಯೂ ನಡೆದಿತ್ತು.

ಮಣಿಸರ ಸೋತದ್ದು ಕತ್ತಲೆಯಿಂದಲ್ಲ. ಅದರ ಗಣಿತವೇ ಸಡಿಲ. ಎಲ್ಲ ಹೆಂಗಸರ ತಿಂಗಳೂ ಇಪ್ಪತ್ತೆಂಟು ದಿನದ್ದಲ್ಲ. ಒಬ್ಬಳದೇ ಎಲ್ಲ ತಿಂಗಳೂ ಒಂದೇ ಸಮನಲ್ಲ. ಜ್ವರ, ಪ್ರಯಾಣ, ಚಿಂತೆ, ಹೆರಿಗೆ, ಹಾಲೂಡಿಕೆ, ನಡುವಯಸ್ಸು ಇವೆಲ್ಲ ಅಂಡದ ದಿನವನ್ನು ಅತ್ತಿತ್ತ ಜರುಗಿಸುತ್ತವೆ. ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ, ಆದರೆ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೂ ಕಾದಿರಬಲ್ಲದು. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕಾದ ದಿನವನ್ನು, ಆ ಮುಟ್ಟು ಬರುವ ಮೊದಲೇ ತಿಳಿಯಬೇಕು ಎಂಬಲ್ಲಿಯೇ ತೊಡಕಿದೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಅರ್ಧ ಶತಮಾನದ ಮೇಲೆ ಇದೇ ಮಣಿಸರವನ್ನು ತಿದ್ದಿ, ಮೂವತ್ತೆರಡು ಮಣಿಗಳದ್ದಾಗಿ ಹೊರತಂದರು. ಇಪ್ಪತ್ತಾರರಿಂದ ಮೂವತ್ತೆರಡು ದಿನಗಳ ಚಕ್ರವಿರುವವರಿಗೆ ಮಾತ್ರ, ಎಂಟರಿಂದ ಹತ್ತೊಂಬತ್ತನೆಯ ದಿನದವರೆಗೆ ದೂರವಿರಬೇಕು ಎಂಬ ಕಟ್ಟುಪಾಡಿನೊಡನೆ. 2002ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ತಪ್ಪದೆ ಪಾಲಿಸಿದವರಲ್ಲಿ ವರ್ಷಕ್ಕೆ ನೂರಕ್ಕೆ ಐವರೂ, ಸಾಮಾನ್ಯವಾಗಿ ಜನ ನಡೆದುಕೊಳ್ಳುವಂತೆ ನಡೆದವರಲ್ಲಿ ಹನ್ನೆರಡು ಮಂದಿಯೂ ಬಸುರಾದರು. ಮಣಿಸರದ ಚರಿತ್ರೆಯಲ್ಲೇ ಇದು ಅತ್ಯುತ್ತಮ ಸಾಧನೆ. ಮಿಕ್ಕ ಅರೆನಂಬಿಕೆಯ ಉಪಾಯಗಳದು ಇನ್ನೂ ಕೀಳು. ಕೊನೆಗಳಿಗೆಯಲ್ಲಿ ಗಂಡಸು ಹಿಂದೆ ಸರಿಯುವುದನ್ನು ನಂಬಿದರೆ ವರ್ಷದಲ್ಲಿ ಐವರಲ್ಲಿ ಒಬ್ಬರಿಗೆ ಬಸುರು ನಿಲ್ಲುತ್ತದೆ. ಮಗುವಿಗೆ ಹಾಲೂಡಿಸುವ ತನಕ ಭಯವಿಲ್ಲ ಎಂಬ ನಮ್ಮ ಹಳ್ಳಿಗಳ ನಂಬಿಕೆ ನಿಜವಾಗುವುದು ಮೂರು ಷರತ್ತುಗಳ ಮೇಲೆ: ಮಗುವಿಗೆ ಆರು ತಿಂಗಳು ತುಂಬಿರಬಾರದು, ತಾಯಿಹಾಲಲ್ಲದೆ ಬೇರೇನನ್ನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಒಂದು ತಪ್ಪಿದರೂ ಕಾವಲು ತಪ್ಪಿದಂತೆಯೇ. ಅಜ್ಜಿಯ ಮಕ್ಕಳಲ್ಲಿ ಇಬ್ಬರ ನಡುವಣ ಅಂತರ ಹದಿನಾಲ್ಕೇ ತಿಂಗಳು.

ಇದೆಲ್ಲ ಅಜ್ಜಿಯ ಕಾಲದ ಮಾತೆಂದು ತಿಳಿಯುವಂತಿಲ್ಲ. ನಮ್ಮ ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬರ ಮೊಬೈಲಿನಲ್ಲಿ ದಿನಗಳಿಗೆ ಬಣ್ಣ ಹಚ್ಚಿ ತೋರಿಸುವ ಆ್ಯಪ್ ಒಂದಿತ್ತು. ದಂಪತಿಗಳಿಬ್ಬರೂ ಇಂಜಿನಿಯರಿಂಗ್ ಓದಿದವರು. ಲೆಕ್ಕ ತಪ್ಪಿದ್ದನ್ನು ಅವರು ಮಧ್ಯಾಹ್ನದ ಊಟದ ವೇಳೆ ದನಿ ತಗ್ಗಿಸಿ ಹೇಳಿಕೊಂಡಾಗ ನಮಗೆ ಲೋಧಿ ಕಾಲೊನಿಯ ಅಂಗಳ ನೆನಪಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 10ರಷ್ಟು ಮಂದಿ ಇಂದಿಗೂ ಇಂಥ ಸಾಂಪ್ರದಾಯಿಕ ಕ್ರಮಗಳನ್ನೇ ನೆಚ್ಚಿದ್ದಾರೆ.

ಬಸುರಿನ ಮಾತು ಇಷ್ಟು. ಆದರೆ ರೋಗಕ್ಕೆ ಹಸಿರು ಮಣಿಯಿಲ್ಲ. 1986ರಲ್ಲಿ ಮದರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಲೈಂಗಿಕ ವೃತ್ತಿಯ ಮಹಿಳೆಯರ ರಕ್ತಪರೀಕ್ಷೆ ಮಾಡಿ, ದೇಶದಲ್ಲಿ ಮೊದಲ ಬಾರಿಗೆ ಎಚ್‌ಐವಿಯನ್ನು ಗುರುತಿಸಿದರು. ಅನಂತರದ ವರ್ಷಗಳಲ್ಲಿ, ಗಂಡನನ್ನಲ್ಲದೆ ಬೇರೊಬ್ಬರನ್ನು ಅರಿಯದ ಎಷ್ಟೋ ಗೃಹಿಣಿಯರಿಗೆ ಸೋಂಕು ಬಂದದ್ದು ಮನೆಯೊಳಗೇ. ಮಣಿಸರ, ನುಂಗುವ ಮಾತ್ರೆ, ವಂಕಿ, ಆಪರೇಷನ್ ಇವಾವುದೂ ಇದನ್ನು ತಡೆಯಲಾರವು. ಎರಡನ್ನೂ ತಡೆಯಬಲ್ಲ ಸಾಧನ ಕಾಂಡೋಮ್ ಒಂದೇ. ಅದೂ ಪರಿಪೂರ್ಣವಲ್ಲ; ಚರ್ಮದಿಂದ ಚರ್ಮಕ್ಕೆ ಹರಡುವ ಕೆಲವು ರೋಗಗಳನ್ನು ಅದು ಪೂರ್ತಿ ತಡೆಯದು, ಅಲಕ್ಷ್ಯದಿಂದ ಬಳಸಿದರೆ ಬಸುರೂ ನಿಲ್ಲುತ್ತದೆ. ಆದರೂ ಎಚ್‌ಐವಿಯ ಎದುರು ಅದರಷ್ಟು ಅಗ್ಗದ ಗುರಾಣಿ ಇನ್ನೊಂದಿಲ್ಲ. 1968ರಲ್ಲಿ ‘ನಿರೋಧ್’ ಹೊರಬಂದಾಗ ಮೂರಕ್ಕೆ 15 ಪೈಸೆ. ಚಹಾಪುಡಿ, ಸಾಬೂನು ಮಾರುವ ಕಂಪನಿಗಳ ಲಾರಿಗಳಲ್ಲೇ ಅದು ಹಳ್ಳಿಯ ಅಂಗಡಿಗಳನ್ನು ತಲುಪಿತು. ಅದನ್ನು ತಯಾರಿಸುವ ಸರ್ಕಾರಿ ಸಂಸ್ಥೆಯ ಕಾರ್ಖಾನೆಯೊಂದು ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೂ ಇದೆ. ಅಂಗಡಿಯಲ್ಲಿ ದೊರೆಯುವುದೇನೋ ಸರಿ, ಹಾಕಿಕೊಳ್ಳಬೇಕಾದವನು ಒಪ್ಪಬೇಕಲ್ಲ.

ಒಪ್ಪಿಸಿದವರ ಒಂದು ಉದಾಹರಣೆ ಕಲ್ಕತ್ತೆಯದು. ಸೋನಾಗಾಚಿಯಲ್ಲಿ 1992ರಲ್ಲಿ ಕೆಲಸ ಆರಂಭಿಸಿದ ಡಾಕ್ಟರ್ ಸ್ಮರಜಿತ್ ಜಾನಾ, ಕಾಂಡೋಮ್ ಹಂಚುವುದರಿಂದಲೇ ಕೆಲಸ ಆಗದೆಂದು ಬೇಗ ಕಂಡುಕೊಂಡರು. ಒಬ್ಬಳು ‘ಅದಿಲ್ಲದೆ ಆಗದು’ ಎಂದರೆ ಗಿರಾಕಿ ಪಕ್ಕದ ಬಾಗಿಲಿಗೆ ಹೋಗುತ್ತಾನೆ, ಅವಳ ಅಂದಿನ ಅನ್ನ ಹೋಗುತ್ತದೆ. ಎಲ್ಲ ಬಾಗಿಲುಗಳೂ ಅದೇ ಮಾತು ಹೇಳಿದರೆ ಮಾತ್ರ ಅವನು ಬಗ್ಗುತ್ತಾನೆ. ಆ ಮಹಿಳೆಯರೇ ತಮ್ಮ ತಮ್ಮಲ್ಲಿ ಶಿಕ್ಷಕಿಯರಾದರು, 1995ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು, ಬಳಕೆ ಏರಿತು. ಸಮಾಜ ಅತಿ ಕೀಳೆಂದು ಕಂಡ ಹೆಂಗಸರು ಕೂಡಿ ಪಡೆದ ಈ ‘ಇಲ್ಲ’ ಎನ್ನುವ ಬಲ, ಮರ್ಯಾದಸ್ಥ ಮನೆಯ ಒಂಟಿ ಹೆಂಡತಿಗೆ ಇದ್ದದ್ದು ಕಡಿಮೆ. ರಾಮನಗರದ ಪ್ರಯೋಗದ ನಿಜವಾದ ಬಿರುಕು ಇಲ್ಲಿತ್ತೆಂದು ನಮ್ಮ ಎಣಿಕೆ. ಮಣಿ ಕಟ್ಟಿದ್ದು ಹೆಂಡತಿಗೆ, ಕೆಂಪು ದಿನ ದೂರವಿರಬೇಕಾದವನು ಗಂಡ.

ಹೊಣೆಯ ಈ ಹಂಚಿಕೆ ಆಮೇಲೂ ಬದಲಾಗಲಿಲ್ಲ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಗೋಡೆಬರಹ ಓದುತ್ತ ಬೆಳೆದ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಈ ಪ್ರಮಾಣ ಶೇ. 38ರಷ್ಟು. ಗಂಡಸರದು ಶೇ. 0.3. ಎರಡರಲ್ಲಿ ಚಿಕ್ಕದು, ಸುಲಭವಾದದ್ದು, ಹೊಟ್ಟೆ ತೆರೆಯದೆ ಮುಗಿಯುವಂಥದ್ದು ಗಂಡಸಿನ ಚಿಕಿತ್ಸೆಯೇ ಎಂಬುದು ವೈದ್ಯರಿಗೆಲ್ಲ ತಿಳಿದಿದೆ.

ಈ ಅಂಕಿಗಳ ಹೊರಗೆ ನಿಂತು ನಾವು ಬರೆಯುತ್ತಿಲ್ಲ. ನಮ್ಮ ಎರಡನೆಯ ಮಗು ಹುಟ್ಟಿದ ರಾತ್ರಿ, ವೈದ್ಯೆ ಹೊರಗೆ ಬಂದು, ಹೇಗೂ ಸಿಸೇರಿಯನ್ ಆಗಿದೆ, ಈಗಲೇ ಅದನ್ನೂ ಮುಗಿಸಿಬಿಡೋಣವೇ ಎಂದು ಕೇಳಿದರು. ಮನೆಯವರು ಮೊದಲೇ ಒಪ್ಪಿದ್ದರು. ನಾವು ಕಾಗದಕ್ಕೆ ರುಜು ಹಾಕಿದೆವು. ಇನ್ನೊಂದು ದಾರಿಯ ಯೋಚನೆ, ಇಂಗ್ಲಿಷ್ ಎಂ.ಎ. ಮಾಡಿ ಇಷ್ಟೆಲ್ಲ ಓದಿಕೊಂಡ ನಮಗೆ, ಆ ರುಜು ಹಾಕುವಾಗ ಬರಲೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಮ್ಮನಿಗೆ ಮಣಿಸರದ ಕತೆ ಹೇಳಿದೆವು. ಅವರಿಗೀಗ ಎಪ್ಪತ್ತೈದು. ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡರು. ‘ನಿಮ್ಮಜ್ಜಿ ಓದದಿದ್ದರೂ ಲೆಕ್ಕದಲ್ಲಿ ಪಕ್ಕಾ ಕಣಪ್ಪ, ಮೊಸರು ಮಾರಿದ ಲೆಕ್ಕ ಗೋಡೆ ಮೇಲೆ ಗೀರಿ ಇಟ್ಕೊಳ್ಳೋಳು’ ಎಂದರು. ಆ ಗೀರುಗಳ ಪಕ್ಕದಲ್ಲಿ ಇನ್ನೊಂದು ಸಾಲು ಇರುತ್ತಿತ್ತಂತೆ, ಇದ್ದಿಲಲ್ಲಿ ಎಳೆದದ್ದು. ಅದೇನೆಂದು ಹುಡುಗಿಯಾಗಿದ್ದ ಅಮ್ಮ ಕೇಳಿದರೆ ಅಜ್ಜಿ ಹೇಳುತ್ತಿರಲಿಲ್ಲವಂತೆ. ಆ ಸಾಲಿನ ದಿನಗಳು ಬಂದಾಗ ಅಜ್ಜಿ, ಕೂಸಿಗೆ ಮೈ ಬೆಚ್ಚಗಿದೆ ಎಂದು ನೆಪ ಹೇಳಿ, ಮಕ್ಕಳ ನಡುವೆ ಬಂದು ಮಲಗುತ್ತಿದ್ದರಂತೆ. ‘ಅಜ್ಜ ಬಂದು ಎಬ್ಬಿಸಿಕೊಂಡು ಹೋಗೋರು’ ಎಂದು ಹೇಳಿ ಅಮ್ಮ ಸಿಪ್ಪೆಯ ಮೊರವನ್ನೆತ್ತಿಕೊಂಡು ಒಳಗೆ ಹೋದರು.